ಒಂದು ದೇಹ, ಎರಡು ಬೇನೆ

ನಮ್ಮ ಮಗಳಿಗೆ ಲೂಪಸ್ ಇದೆಯೆಂದು 2016ರಲ್ಲಿ ತಿಳಿದಾಗ ಆಕೆಗೆ 24 ವರ್ಷ. ಕೆನ್ನೆಗಳ ಮೇಲೆ ಚಿಟ್ಟೆ ರೆಕ್ಕೆ ಬಿಚ್ಚಿದಂಥ ಕೆಂಪು, ಬೆರಳ ಗೆಣ್ಣುಗಳಲ್ಲಿ ನೋವು. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುವ ರೋಗವಿದೆಂದು ವೈದ್ಯರು ವಿವರಿಸಿದರು. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯಿಂದ ನೋವು ಇಳಿಯಿತು.

ಆದರೆ ರಕ್ತಹೀನತೆ ನೀಗಲಿಲ್ಲ. ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ಹಿಮೋಗ್ಲೋಬಿನ್ 8ನ್ನು ದಾಟಲಿಲ್ಲ. ಹೊಟ್ಟೆಯುಬ್ಬರ, ಭೇದಿ, ಇಳಿಯುತ್ತಿದ್ದ ತೂಕ ಎಲ್ಲವನ್ನೂ ಲೂಪಸ್ಸಿನ ಲೆಕ್ಕಕ್ಕೇ ಹಾಕಿದೆವು. ನೋಡಿದ ವೈದ್ಯರೂ ಹಾಗೆಯೇ ಮಾಡಿದರು. ಸೊರಗಿದವಳಿಗೆ ಶಕ್ತಿ ಬರಲೆಂದು ಗೋಧಿ ಹುಗ್ಗಿಗೆ ತುಪ್ಪ ಸುರಿದು, ಒತ್ತಾಯ ಮಾಡಿ ಉಣಿಸಿದವರು ನಾವೇ. ನೆನೆದರೆ ಇಂದಿಗೂ ಕರುಳು ಹಿಂಡುತ್ತದೆ.

2019ರಲ್ಲಿ ಬೇರೊಬ್ಬ ವೈದ್ಯೆ ರಕ್ತದಲ್ಲಿನ ಪ್ರತಿಕಾಯಗಳನ್ನು ಪರೀಕ್ಷಿಸಿ, ಸಣ್ಣ ಕರುಳಿನ ಚೂರೊಂದನ್ನು ತೆಗೆಸಿ ನೋಡಿದರು. ಸೀಲಿಯಾಕ್ ರೋಗ! ಗೋಧಿ, ಜವೆಗೋಧಿಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಇಂಥವರ ಕರುಳಿನ ಒಳಪದರ ಸವೆಯುವಂತೆ ಮಾಡುತ್ತದೆ. ಸವೆದ ಕರುಳು ಕಬ್ಬಿಣವನ್ನು ಹೀರಲಾರದು. ಎರಡು ಬೇನೆಗಳಿಗೂ ಕೆಲವು ಆನುವಂಶಿಕ ಗುಣಗಳು ಸಮಾನವಂತೆ. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿಸಿದರೆ ರೋಗ ಮರೆಯಾಗಿ ಕಾಣಬಹುದು, ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಪಥ್ಯ ಎಂದರು.

ಜೋಳದ ನಾಡಿನವರಾದ ನಮಗೆ ಗೋಧಿ ಬಿಡುವುದೇನು ಮಹಾ ಎನಿಸಿತ್ತು. ಆದರೆ ಜೋಳ ಬೀಸುವ ಗಿರಣಿಯಲ್ಲಿ ಅದಕ್ಕೂ ಮೊದಲು ಗೋಧಿ ಬಿದ್ದಿರುತ್ತದೆ. ಅಂಗಡಿಯ ಎಷ್ಟೋ ಇಂಗಿನ ಪುಡಿಗಳಲ್ಲೂ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಇಂಗಿನಲ್ಲಿ ಗೋಧಿ ಎಂದು ಯಾರು ತಾನೇ ಊಹಿಸಿಯಾರು? ಮನೆಗೇ ಸಣ್ಣ ಗಿರಣಿಯೊಂದನ್ನು ತಂದೆವು. ಅದರಲ್ಲಿ ಗೋಧಿ ಹಾಕುವುದಿಲ್ಲ.

ಕಠಿಣವಾದದ್ದು ಮಠದ ದಾಸೋಹದ ಪಂಕ್ತಿ. ಹುಗ್ಗಿ ಬಂದಾಗ ಮಗಳು ಕೈ ಅಡ್ಡ ಹಿಡಿದಳು. ಪಕ್ಕದ ಹಿರಿಯ ತಾಯಿಯೊಬ್ಬರು, “ಪ್ರಸಾದಕ್ಕ ಒಲ್ಲೆ ಅನಬಾರದವ್ವಾ, ಚೂರು ನಾಲಿಗಿಗೆ ಹಚ್ಚು” ಎಂದರು. ಆಕೆಯ ಕಣ್ಣು ತುಂಬಿತು. “ಆ ಚೂರೂ ಆಕೀಗೆ ವಿಷ ಆಗತೈತ್ರೀ ಅಮ್ಮಾ” ಎಂದು ನಾವೇ ಹೇಳಬೇಕಾಯಿತು. ಆ ತಾಯಿ ಕ್ಷಣ ಸುಮ್ಮನಿದ್ದು, ಬಡಿಸುವ ಹುಡುಗನನ್ನು ಕೂಗಿ, “ಇಕೀಗೆ ಬ್ಯಾರೆ ಸವುಟಿನಾಗ ಬರೇ ಅನ್ನ ತಾರೋ ತಮ್ಮಾ” ಎಂದರು.

ವರ್ಷದೊಳಗೆ ಹಿಮೋಗ್ಲೋಬಿನ್ 11ಕ್ಕೇರಿತು. ಗೋಧಿ ಬಿಟ್ಟಾಯಿತಲ್ಲ, ಮಾತ್ರೆಯೂ ಬಿಡಿ ಎಂದ ಬಂಧುಗಳುಂಟು, ನಾವು ಕೇಳಲಿಲ್ಲ. ಗೋಧಿ ಬಿಟ್ಟರೆ ಕರುಳು ಮಾಗೀತು, ಲೂಪಸ್ ಹೋಗದು. ಮಾತ್ರೆ, ಮೂತ್ರಪಿಂಡದ ತಪಾಸಣೆ, ಕಣ್ಣಿನ ಪರೀಕ್ಷೆ ಇಂದಿಗೂ ನಡೆದಿವೆ. ಮಗಳು ಈಗ ದಾಸೋಹಕ್ಕೆ ಹೋಗುವಾಗ ತನ್ನದೇ ಸವುಟನ್ನು ಚೀಲದಲ್ಲಿಟ್ಟುಕೊಂಡು ಹೋಗುತ್ತಾಳೆ.