ಅಮ್ಮ ನೀರು ಕುಡಿಯುವಂಥ ಪ್ರವಾಸ

ಅಮ್ಮನ ತವರು ತಿ. ನರಸೀಪುರ, ಮದುವೆಯಾಗಿ ಬಂದದ್ದು ನಂಜನಗೂಡಿಗೆ. ತವರಿನಲ್ಲೂ ಹೊಳೆ, ಗಂಡನ ಮನೆಯಲ್ಲೂ ಹೊಳೆ. ಆದರೆ ಐವತ್ತೆಂಟು ವರ್ಷವಾದರೂ ಸಮುದ್ರ ನೋಡಿಲ್ಲ. ಧರ್ಮಸ್ಥಳ, ಸುಬ್ರಹ್ಮಣ್ಯದವರೆಗೆ ಹೋಗಿ ಅಲ್ಲಿಂದಲೇ ವಾಪಸ್ ಬಂದಿದ್ದಾಳೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಾನು ಆಫೀಸಿನವರ ಜೊತೆ ಮೂರು ಸಲ ಗೋಕರ್ಣಕ್ಕೆ ಹೋಗಿಬಂದಿದ್ದೇನೆ. ಇದು ತಲೆಗೆ ಹೊಳೆದಾಗ ನಾಚಿಕೆಯಾಯಿತು. ಈ ಸಲ ಅಪ್ಪ ಅಮ್ಮನನ್ನು ಕರಾವಳಿಗೆ ಕರೆದುಕೊಂಡು ಹೋಗೋದೇ ಅಂತ ತೀರ್ಮಾನಿಸಿದೆ.

ನಮ್ಮ ಕೆಲಸದವರಿಗೆ ಏನೇ ಇದ್ದರೂ ಮೊದಲು ಎಕ್ಸೆಲ್ ಶೀಟ್. ಕಾರಿನಲ್ಲಿ ನಾಲ್ಕು ದಿನ. ಮಡಿಕೇರಿ ಮೇಲೆ ಮಂಗಳೂರು, ಮರುದಿನ ಉಡುಪಿ, ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಆಮೇಲೆ ಕೊಲ್ಲೂರು, ಮರವಂತೆ, ಮುರುಡೇಶ್ವರ, ಕೊನೆಗೆ ಗೋಕರ್ಣ. ಒಟ್ಟು ಹನ್ನೊಂದು ಜಾಗ. ಪ್ರತಿ ಜಾಗಕ್ಕೂ ಗಂಟೆ ನಿಮಿಷ ಹಾಕಿದ್ದೆ.

ಮಾವನ ಮನೆಯ ಒಂದು ಕಾರ್ಯಕ್ಕೆ ನರಸೀಪುರಕ್ಕೆ ಹೋದಾಗ, ಸಂಗಮದ ಮೆಟ್ಟಿಲ ಮೇಲೆ ಕೂತು ಮೊಬೈಲ್ ತೆಗೆದು ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಎದುರಿಗೆ ಕಪಿಲೆ ಬಂದು ಕಾವೇರಿಗೆ ಸೇರುತ್ತಿದ್ದಳು.

"ಈ ನೀರು ನಾವು ನೋಡೋ ಸಮುದ್ರಕ್ಕೇ ಹೋಗುತ್ತಾ?" ಅಂದಳು.

ಇಲ್ಲ ಅಂದೆ. ಕಪಿಲೆ ಹುಟ್ಟೋದು ವಯನಾಡಿನಲ್ಲಿ, ಪಶ್ಚಿಮದ ಕಡಲಿಗೆ ಹತ್ತಿರದಲ್ಲೇ. ಆದರೂ ಅದಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹರಿದು, ನಂಜನಗೂಡು ದಾಟಿ ಇಲ್ಲಿ ಕಾವೇರಿಯಾಗಿ, ತಮಿಳುನಾಡಿನ ಪೂಂಪುಹಾರ್‌ನಲ್ಲಿ ಬಂಗಾಳಕೊಲ್ಲಿ ಸೇರುತ್ತಾಳೆ.

"ಪಕ್ಕದಲ್ಲೇ ಇರೋದ್ ಬಿಟ್ಟು ಅಷ್ಟು ದೂರ!" ಅಂತ ನಕ್ಕಳು. ಆಮೇಲೆ ಕೇಳಿದಳು, "ಕಾರು ಮಧ್ಯೆ ಎಲ್ಲೆಲ್ಲಿ ನಿಲ್ಲಿಸ್ತೀಯ?" ತಿಂಡಿಗೊಂದು ಸಲ, ಊಟಕ್ಕೊಂದು ಸಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನ್ ಬರಲ್ಲ ಕಣಪ್ಪ, ನೀವು ಹೋಗ್ಬನ್ನಿ" ಅಂದುಬಿಟ್ಟಳು.

ದುಡ್ಡಿನ ಯೋಚನೆ ಇರಬೇಕು ಅಂದುಕೊಂಡೆ. ಸಂಜೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, "ಊರಿಗೆ ಹೊರಟ ದಿನ ನಿಮ್ಮಮ್ಮ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ಸಕ್ಕರೆ ಕಾಯಿಲೆಯವಳು, ದಾರೀಲಿ ಎಲ್ಲಿಗೆ ಹೋಗ್ಬೇಕು? ನಿನಗೆ ಗೊತ್ತೇ ಇಲ್ವಾ?" ಅಂದರು.

ಗೊತ್ತಿರಲಿಲ್ಲ. ಹಿಂದಿನ ವರ್ಷ ಧರ್ಮಸ್ಥಳದಿಂದ ಬಂದ ಮೇಲೆ ಅಮ್ಮನಿಗೆ ಚಳಿಜ್ವರ ಬಂದಿತ್ತು. ಡಾಕ್ಟರು ಮೂತ್ರದ ಸೋಂಕು ಅಂದಿದ್ದರು. ನಾವು ದಾರಿಯ ಹೋಟೆಲ್ ಊಟವನ್ನು ಬೈದುಕೊಂಡು ಸುಮ್ಮನಾಗಿದ್ದೆವು. ನನಗೂ ಅಪ್ಪನಿಗೂ ದಾರಿಯಲ್ಲಿ ಮರದ ಮರೆ ಸಾಕು. ಅಮ್ಮನಿಗೆ ಸಾಲದು ಅನ್ನೋದು ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಆ ರಾತ್ರಿ ಶೀಟ್ ಪೂರ್ತಿ ಅಳಿಸಿದೆ. ಹೊಸದರಲ್ಲಿ ಮೊದಲ ಕಾಲಮ್ಮಿಗೆ 'ಶೌಚಾಲಯ' ಅಂತ ಹೆಸರು ಕೊಟ್ಟೆ. ಆಮೇಲೆ ದಾರಿ ತಾನಾಗಿ ಕಾಣಿಸಿತು.

ಕಾರು ಬಿಟ್ಟು ರೈಲು. ಬೆಂಗಳೂರಿನಿಂದ ಮೈಸೂರು ಮಾರ್ಗವಾಗಿ ಮುರುಡೇಶ್ವರಕ್ಕೆ ರಾತ್ರಿ ರೈಲಿದೆ. ಮೈಸೂರಿನಲ್ಲಿ ಹತ್ತಿ ಮಲಗಿದರೆ ಸಕಲೇಶಪುರದ ಘಟ್ಟ ಇಳಿದು ಮರುದಿನ ಮುರುಡೇಶ್ವರ. ಬೋಗಿಯಲ್ಲೇ ಶೌಚಾಲಯ. 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತಿನ ಕೋಟಾ ಇದೆ. ಬುಕಿಂಗ್ 60 ದಿನ ಮೊದಲು ತೆರೆಯುತ್ತೆ.

ದಿನಕ್ಕೊಂದು ಊರು ಬೇಡ. ಮುರುಡೇಶ್ವರದಲ್ಲೇ ಒಂದು ರೂಮು, ಮೂರು ರಾತ್ರಿ. 123 ಅಡಿಯ ಶಿವನನ್ನು ನೋಡಿ, 20 ಅಂತಸ್ತಿನ ಗೋಪುರವನ್ನು ಲಿಫ್ಟಿನಲ್ಲೇ ಹತ್ತಬಹುದು. ಅಮ್ಮನ ಮಂಡಿಗೂ ತೊಂದರೆಯಿಲ್ಲ. ಒಂದು ದಿನ ಉತ್ತರಕ್ಕೆ: ಇಡಗುಂಜಿ ಗಣಪತಿ, ಹೊನ್ನಾವರದ ಶರಾವತಿ ಅಳಿವೆ, ಕಾಸರಕೋಡು ಕಡಲತೀರ. ಕಾಸರಕೋಡಿಗೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ 2020ರಲ್ಲಿ 'ಬ್ಲೂ ಫ್ಲ್ಯಾಗ್' ಮಾನ್ಯತೆ ಸಿಕ್ಕಿತು. ನೀರಿನ ಶುದ್ಧಿ, ಜೀವರಕ್ಷಕರ ಜೊತೆಗೆ ಶೌಚಾಲಯವೂ ಆ ಮಾನ್ಯತೆಯ ಷರತ್ತುಗಳಲ್ಲಿ ಒಂದು. ನಾನು ಇದುವರೆಗೆ ಅದನ್ನು ಬರೀ ಚೆಂದದ ಬೀಚ್ ಅಂದುಕೊಂಡಿದ್ದೆ! ಇನ್ನೊಂದು ದಿನ ದಕ್ಷಿಣಕ್ಕೆ, ಮರವಂತೆಗೆ. ಅಲ್ಲಿ ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಹೊಳೆಯ ದಡದಲ್ಲೇ ಬೆಳೆದ ಅಮ್ಮನಿಗೆ ಎರಡನ್ನೂ ಒಟ್ಟಿಗೆ ತೋರಿಸುವ ಆಸೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಕಡಲು ಒರಟು, ದ್ವೀಪದ ದೋಣಿಗಳೂ ಬಂದ್. ಡಿಸೆಂಬರ್ ಕೊನೆಯಲ್ಲಿ ಜನವೋ ಜನ. ಹಾಗಾಗಿ ಸಂಕ್ರಾಂತಿ ಮುಗಿದ ಮೇಲೆ ಹೊರಡುವುದು. ಹೊಳೆಯಲ್ಲಿ ಈಜಿದವರಿಗೆ ಕಡಲೂ ಗೊತ್ತು ಅನ್ನೋ ಭ್ರಮೆ ಇರುತ್ತೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದಲ್ಲಿ ಮುಳುಗಿ ತೀರಿಕೊಂಡರು. ನಮ್ಮ ಪ್ಲಾನಿನಲ್ಲಿ ಮೊಣಕಾಲಿನ ಮೇಲೆ ನೀರಿಲ್ಲ.

ಹನ್ನೊಂದು ಜಾಗ ಈಗ ಐದಾಗಿದೆ. ಗೋಕರ್ಣ ಬಿಟ್ಟುಹೋಯಿತು ಅಂತ ಅಪ್ಪನಿಗೆ ಸ್ವಲ್ಪ ಬೇಜಾರು. ಇರಲಿ, ಇನ್ನೊಂದು ಸಲ.

ನಿಮ್ಮ ಮನೆಯಲ್ಲೂ ಪ್ರವಾಸದ ಮಾತು ನಡೆದಿದ್ದರೆ, ಜಾಗಗಳ ಪಟ್ಟಿ ಮಾಡುವ ಮೊದಲು ಮನೆಯ ಹೆಂಗಸರನ್ನು ಒಂದು ಮಾತು ಕೇಳಿ: ಹಿಂದಿನ ಸಲ ದಾರಿಯಲ್ಲಿ ನೀರು ಕುಡಿದಿದ್ರಾ?

ಹೊಸ ಶೀಟನ್ನು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಮೊದಲ ಕಾಲಮ್ಮನ್ನು ಮೇಲಿಂದ ಕೆಳಗೆ ಓದಿದಳು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. "ರೈಲಿಗೆ ಚಪಾತಿ ಸಾಕಾ, ಪುಳಿಯೋಗರೆನೂ ಕಟ್ಟಲಾ?" ಅಂದಳು.