ಸಾಲಗಾರನ ತಕರಾರು

ಸಾಲದ ವಿಷಯ ಬಂದರೆ ನಮ್ಮಲ್ಲಿ ಕೊಟ್ಟವನದೇ ದೊಡ್ಡ ಬಾಯಿ. ತಂದವನು ತಲೆ ತಗ್ಗಿಸಿ ನಿಂತು ಕೇಳಿಸಿಕೊಳ್ಳಬೇಕು. ತಂದದ್ದನ್ನು ತೀರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟು ತಂದೆ, ಎಷ್ಟು ತೀರಿಸಬೇಕು ಎಂದು ಕೇಳುವುದು ಮೋಸವಲ್ಲ, ನ್ಯಾಯ.

ಚೆನ್ನೈನ ಮಣಲಿಯನ್ನೇ ನೋಡಿ. ಈಗ ಆ ಹೆಸರಿಗೆ ತೈಲ ಶುದ್ಧೀಕರಣಾಗಾರ, ಗೊಬ್ಬರದ ಕಾರ್ಖಾನೆ, ಟ್ಯಾಂಕರ್ ಲಾರಿಗಳು ಕಣ್ಣ ಮುಂದೆ ಬರುತ್ತವೆ. 18ನೆಯ ಶತಮಾನದಲ್ಲಿ ಈ ಊರ ಹೆಸರು ಹೊತ್ತ ಮಣಲಿ ಮುತ್ತುಕೃಷ್ಣ ಮೊದಲಿಯಾರರು ಮದರಾಸಿನ ಗವರ್ನರ್ ಪಿಗಟ್‌ನ ದುಬಾಷಿಯಾಗಿದ್ದರು. ಅಂದಿನ ಮದರಾಸಿನ ಮಹಾ ಸಾಲಗಾರನೆಂದರೆ ಆರ್ಕಾಟಿನ ನವಾಬ ಮಹಮ್ಮದಾಲಿ. ಸಾಲ ಕೊಟ್ಟವರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರರೇ ಬಹಳ. ಅವರಲ್ಲೊಬ್ಬ ಪಾಲ್ ಬೆನ್‌ಫೀಲ್ಡ್, ತಂಜಾವೂರಿನ ಕಂದಾಯ ಮತ್ತು ಬೆಳೆಯ ಮೇಲೆ ತನಗೆ 2,34,000 ಪೌಂಡು ಬರಬೇಕೆಂದು 1776ರಲ್ಲಿ ಪಟ್ಟು ಹಿಡಿದ. ಪಿಗಟ್ ಒಪ್ಪಲಿಲ್ಲ. ಅದೇ ಆಗಸ್ಟಿನಲ್ಲಿ ಅವನ ಕೌನ್ಸಿಲಿನವರೇ ಅವನನ್ನು ಸೆರೆಗೆ ಹಾಕಿದರು. ಮರುವರ್ಷ ಸೆರೆಯಲ್ಲೇ ತೀರಿಕೊಂಡ. ಮುಂದೆ ಆರ್ಕಾಟಿನ ನವಾಬರ ಸಾಲಗಳ ವಿಚಾರಣೆಗೆ ಆಯೋಗ ಕೂತಾಗ ಬಂದ ಬೇಡಿಕೆ 3 ಕೋಟಿ ಪೌಂಡಿಗೂ ಮೇಲೆ; ಒಪ್ಪಿಗೆಯಾದದ್ದು 30 ಲಕ್ಷಕ್ಕೂ ಕಡಿಮೆ. ಹತ್ತರಲ್ಲಿ ಒಂಬತ್ತು ಪಾಲು ವಿಚಾರಣೆಗೆ ನಿಲ್ಲಲೇ ಇಲ್ಲ.

ಪತ್ರ ಇದೆ, ಆದರೆ ಹಣ ಕೊಟ್ಟದ್ದು ನಿಜವೇ? ಈ ಪ್ರಶ್ನೆ ರೋಮನ್ನರಿಗೂ ಎದುರಾಗಿತ್ತು. ಅವರ ಹನ್ನೆರಡು ಫಲಕಗಳ ಹಳೆಯ ಕಾನೂನಿನಲ್ಲಿ, ತೀರ್ಪಾಗಿ 30 ದಿನದೊಳಗೆ ತೀರಿಸದವನನ್ನು ಸಾಲಿಗ ಸಂಕೋಲೆ ಹಾಕಿ ಮನೆಗೆ ಎಳೆದೊಯ್ಯಬಹುದಿತ್ತು. ಕಾಲ ಕಳೆದಂತೆ ಅದೇ ರೋಮ್ ಸಾಲಗಾರನಿಗೆ ಒಂದೊಂದೇ ತಕರಾರನ್ನು ಕೊಟ್ಟಿತು. ‘ಬರೆದುಕೊಟ್ಟದ್ದು ಹೌದು, ಹಣ ಎಣಿಸಿ ಕೊಡಲಿಲ್ಲ’ ಎಂದು ಸಾಲಗಾರ ಗಡುವಿನೊಳಗೆ ಹೇಳಿದರೆ, ಕೊಟ್ಟೆನೆಂದು ಸಾಬೀತು ಮಾಡುವ ಹೊಣೆ ಸಾಲಿಗನದು. ನಮ್ಮಲ್ಲಿ ಇದು ತಿರುಗುಮುರುಗು: ಪ್ರಾಮಿಸರಿ ನೋಟಿಗೆ ರುಜು ಬಿದ್ದಿದ್ದರೆ ಹಣ ಸಂದಿದೆ ಎಂದೇ ಕೋರ್ಟು ಮೊದಲು ಭಾವಿಸುತ್ತದೆ. ಇಲ್ಲವೆಂದು ತೋರಿಸುವ ಭಾರ ಸಾಲಗಾರನ ಹೆಗಲಿಗೆ.

ಬಡ್ಡಿಯ ವಿಷಯದಲ್ಲಿ ಮಾತ್ರ ಅವರೂ ನಾವೂ ಒಂದೇ ಕಡೆ ಬಂದೆವು. ಬಡ್ಡಿ ಅಸಲನ್ನು ಮೀರಕೂಡದೆಂದಿತು ರೋಮನ್ ಕಾನೂನು. ನಮ್ಮ ಧರ್ಮಶಾಸ್ತ್ರದ ದಾಮದುಪ್ಪಟ್ಟೂ ಅದನ್ನೇ ಹೇಳಿತು. ಧಾರವಾಡ, ಬೆಳಗಾವಿಗಳಿದ್ದ ಬೊಂಬಾಯಿ ಪ್ರಾಂತ್ಯದ ಕೋರ್ಟುಗಳು ಅದನ್ನು ಹಿಂದೂ ಸಾಲಗಾರರಿಗೆ ಅನ್ವಯಿಸಿದವು. ಮದರಾಸು ಪ್ರಾಂತ್ಯದಲ್ಲಿ ರಾಜಾಜಿ ಸರ್ಕಾರ 1938ರಲ್ಲಿ ತಂದ ರೈತರ ಋಣಪರಿಹಾರ ಕಾಯಿದೆಯಂತೆ, ಅಸಲಿನ ಎರಡರಷ್ಟು ಕೊಟ್ಟ ರೈತನ ಹಳೆಯ ಸಾಲ ತೀರಿದಂತೆಯೇ. ಆಗ ಮಂಗಳೂರು, ಕಾಸರಗೋಡು, ಬಳ್ಳಾರಿಗಳೂ ಆ ಪ್ರಾಂತ್ಯದಲ್ಲೇ ಇದ್ದವು.

ಈಗಿನ ತಂಡಲ್ ಎಂಬ ದಿನಗಂತಿನ ಸಾಲವನ್ನು ಹತ್ತಿರದಿಂದ ನೋಡಿ. ಕಾಗದದಲ್ಲಿ 10,000 ರೂಪಾಯಿ. ಬಡ್ಡಿ ಮೊದಲೇ ಮುರಿದುಕೊಂಡು ಕೈಗೆ ಬರುವುದು 8,500. ದಿನಕ್ಕೆ 100ರಂತೆ ನೂರು ದಿನ ಕಟ್ಟಬೇಕು. ದಿನವೂ ಅಸಲು ಕರಗುತ್ತಿರುವುದರಿಂದ ಬಡ್ಡಿ ವರ್ಷದ ಲೆಕ್ಕಕ್ಕೆ ನೂರಕ್ಕೆ ನೂರನ್ನು ದಾಟುತ್ತದೆ. ತಂಡಲ್, ಕಂದು ವಟ್ಟಿ, ಮೀಟರ್ ವಟ್ಟಿ ಎಂಬ ವಿಪರೀತ ಬಡ್ಡಿಗಳನ್ನು ಹೆಸರು ಹಿಡಿದೇ ತಡೆಯುವ ಕಾಯಿದೆಯನ್ನು ತಮಿಳುನಾಡು 2003ರಲ್ಲಿ ತಂದಿತು. ಮರುವರ್ಷ ಕರ್ನಾಟಕವೂ ಮಿತಿಮೀರಿದ ಬಡ್ಡಿಯ ವಿರುದ್ಧ ಕಾಯಿದೆ ಮಾಡಿತು. ಕೋರ್ಟಿನ ಡಿಕ್ರಿಯೇ ಆದರೂ ಉಟ್ಟ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಹತ್ಯಾರ, ಹೆಂಗಸಿನ ತಾಳಿ ಜಪ್ತಿಗೆ ಸಿಗವು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಂ ಓದಿ.

ಇಷ್ಟು ರಕ್ಷಣೆಯಿದ್ದೂ ಜನ ಬೀದಿಯ ಬೆದರಿಕೆಗೆ ಅಂಜಿ ಊರು ಬಿಡುತ್ತಾರೆ, ಜೀವ ಬಿಡುತ್ತಾರೆ. ಅದು ನನ್ನ ಹೊಟ್ಟೆಗೆ ಬೆಂಕಿ ಇಟ್ಟಂತಾಗುತ್ತದೆ. ಓದುಗರೇ, ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ರುಜು ಹಾಕಬೇಡಿ. ಕೈಗೆ ಬಂದಷ್ಟನ್ನೇ ಬರೆಸಿ, ಕಟ್ಟಿದ್ದಕ್ಕೆಲ್ಲ ರಸೀದಿ ಕೇಳಿ. ಮನೆಗೆಲಸದವರಿಗೂ ಪಕ್ಕದ ಆಟೋದವರಿಗೂ ಇದನ್ನು ಹೇಳಿ.