ಜೆರ್ಸಿ ಎತ್ತಿ ತೋರಿಸಿದ ಮೈದಾನ

ಮೆಲ್ಬರ್ನ್‌ಗೆ ಬರೋ ನಮ್ಮವರೆಲ್ಲ ಮೊದಲು ಓಡೋದು ಎಂಸಿಜಿಗೆ. ಬಾಕ್ಸಿಂಗ್ ಡೇ ಟೆಸ್ಟ್ ನೋಡ್ತಾ ಬೆಳೆದವರು, ತಪ್ಪೇನಿಲ್ಲ. ಆದರೆ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮೈದಾನ ಫುಟಿಯದ್ದು. ಇದನ್ನು ಫೋನಲ್ಲಿ ಹೇಳಿದಾಗ ದಾವಣಗೆರೆಯಲ್ಲಿರೋ ಅಪ್ಪ, "ಅಷ್ಟು ದೊಡ್ಡ ಗ್ರೌಂಡಲ್ಲಿ ಬೇರೆ ಆಟಾನೂ ಆಡ್ತಾರೇನೋ?" ಅಂದರು.

ಆಡ್ತಾರೆ. ಫುಟಿ ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಒಂದು ತಂಡಕ್ಕೆ 18 ಜನ, ಮೊಟ್ಟೆಯಾಕಾರದ ಚೆಂಡು, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಪಾಯಿಂಟ್, ಪಕ್ಕದಲ್ಲಿ ಹೋದರೆ 1. ಕನಿಷ್ಠ 15 ಮೀಟರ್ ಹಾರಿ ಬಂದ ಚೆಂಡನ್ನು ನೆಲಕ್ಕೆ ಬೀಳೋಕೆ ಮುಂಚೆ ಹಿಡಿದರೆ ಅದು 'ಮಾರ್ಕ್', ಹಿಡಿದವನಿಗೆ ಅಡ್ಡಿಯಿಲ್ಲದೆ ಒದೆಯುವ ಅವಕಾಶ. ಇಷ್ಟು ಗೊತ್ತಿದ್ದರೆ ಸಾಕು. ಉಳಿದ ನಿಯಮ ಇಲ್ಲಿಯವರಿಗೂ ಪೂರ್ತಿ ಗೊತ್ತಿದ್ದಂತಿಲ್ಲ, ಪ್ರತಿ ಶನಿವಾರ ಅಂಪೈರ್ ಜೊತೆ ಜಗಳ ಆಡ್ತಾರೆ.

ನಾನು ಹೇಳಹೊರಟಿದ್ದು ಎಂಸಿಜಿ ಬಗ್ಗೆ ಅಲ್ಲ, ವಿಕ್ಟೋರಿಯಾ ಪಾರ್ಕ್ ಬಗ್ಗೆ. ಫ್ಲಿಂಡರ್ಸ್ ಸ್ಟ್ರೀಟ್‌ನಿಂದ ಟ್ರೇನಲ್ಲಿ ಹತ್ತು ಹನ್ನೆರಡು ನಿಮಿಷ, ಸ್ಟೇಷನ್ ಹೆಸರೂ ಅದೇ. ಟಿಕೆಟ್ ಇಲ್ಲ, ಗೇಟ್ ಇಲ್ಲ. ಸಂಜೆ ಹೊತ್ತು ನಾಯಿಗಳು ಓಡಾಡ್ತಿರ್ತವೆ, ಮಕ್ಕಳು ಚೆಂಡು ಒದೀತಿರ್ತಾರೆ. ಹಳೆಯ ಸ್ಟ್ಯಾಂಡ್‌ಗಳು ಇನ್ನೂ ನಿಂತಿವೆ. 1892ರಿಂದ 1999ರವರೆಗೆ ಇದು ಕಾಲಿಂಗ್‌ವುಡ್ ಕ್ಲಬ್‌ನ ಮನೆ ಮೈದಾನ. ಕಪ್ಪು ಬಿಳಿ ಪಟ್ಟೆಯ ಜೆರ್ಸಿ, ಕಾರ್ಖಾನೆ ಕೂಲಿಗಳ ಪೇಟೆ, ಬೇರೆ ತಂಡದವರಿಗೆ ನರಕ.

ಆಫೀಸಲ್ಲಿ ನನ್ನ ಪಕ್ಕದ ಸೀಟಿನವಳ ಮನೆಯವರೆಲ್ಲ ತಲೆಮಾರುಗಳಿಂದ ಕಾಲಿಂಗ್‌ವುಡ್ ಕಡೆಯವರು. ಇಲ್ಲಿಗೆ ಕರೆದುಕೊಂಡು ಬಂದದ್ದು ಅವಳೇ. ಅಜ್ಜ ನಿಲ್ಲುತ್ತಿದ್ದ ಜಾಗ ತೋರಿಸಿದಳು, ಆಮೇಲೆ 1993ರ ಕತೆ ಹೇಳಿದಳು.

ಏಪ್ರಿಲ್ 17. ಎದುರಾಳಿ ಸೇಂಟ್ ಕಿಲ್ಡಾ. ಆ ತಂಡದಲ್ಲಿ ಇಬ್ಬರು ಮೂಲನಿವಾಸಿ ಆಟಗಾರರು, ನಿಕಿ ವಿನ್ಮಾರ್ ಮತ್ತು ಗಿಲ್ಬರ್ಟ್ ಮ್ಯಾಕ್‌ಆಡಂ. ಮೈದಾನಕ್ಕೆ ಕಾಲಿಡುವ ಮುಂಚೆಯೇ ಪ್ರೇಕ್ಷಕರ ಬೈಗುಳ ಶುರುವಾಗಿತ್ತು. ಬಣ್ಣದ ಬಗ್ಗೆ, ಹುಟ್ಟಿನ ಬಗ್ಗೆ. ಇಬ್ಬರೂ ಬಾಯಲ್ಲಿ ಉತ್ತರ ಕೊಡಲಿಲ್ಲ, ಆಡಿದರು. ಆ ದಿನ ಮೈದಾನದಲ್ಲಿ ಅವರಷ್ಟು ಚೆನ್ನಾಗಿ ಆಡಿದವರೇ ಇಲ್ಲ. 1976ರ ನಂತರ ಇಲ್ಲಿ ಗೆದ್ದೇ ಇರದ ಸೇಂಟ್ ಕಿಲ್ಡಾ 22 ಪಾಯಿಂಟ್‌ಗಳಿಂದ ಗೆದ್ದಿತು. ಕೊನೆಯ ಸೈರನ್ ಆದಮೇಲೆ ವಿನ್ಮಾರ್ ಕಾಲಿಂಗ್‌ವುಡ್ ಜನರ ಕಡೆ ತಿರುಗಿ ನಿಂತ, ಜೆರ್ಸಿ ಎತ್ತಿದ, ತನ್ನ ಹೊಟ್ಟೆಯ ಚರ್ಮಕ್ಕೆ ಬೆರಳಿಟ್ಟು ತೋರಿಸಿದ. ನಾನು ಕಪ್ಪು, ಅದರ ಹೆಮ್ಮೆ ನನಗಿದೆ ಅಂತ.

ಇಬ್ಬರು ಫೋಟೋಗ್ರಾಫರ್‌ಗಳು ಅದನ್ನು ಹಿಡಿದರು. ಇವತ್ತು ಆ ಚಿತ್ರ ನೋಡದ ಆಸ್ಟ್ರೇಲಿಯನ್ ಸಿಗೋದು ಕಷ್ಟ.

"ಆವತ್ತು ಅಜ್ಜನೂ ಇಲ್ಲೇ ನಿಂತಿದ್ದರು," ಅಂದಳು ಅವಳು. "ಅವರೂ ಕೂಗಿದ್ರಾ ಅಂತ ಕೇಳೋ ಧೈರ್ಯ ನಮ್ಮನೇಲಿ ಯಾರಿಗೂ ಬರಲಿಲ್ಲ. ಈಗ ಅವರೇ ಇಲ್ಲ."

ಏನು ಹೇಳಬೇಕೋ ತಿಳಿಯಲಿಲ್ಲ. ನನಗೆ ಬೇರೆಯದೇ ನೆನಪಾಗ್ತಿತ್ತು. ಬಂದ ಹೊಸತರಲ್ಲಿ ರಾತ್ರಿ ಟ್ರೇನಲ್ಲಿ ಒಬ್ಬ ನನ್ನ ಮುಖ ನೋಡಿ, ನಿಮ್ಮೂರಿಗೆ ಹೋಗು ಅಂತ ಶುರು ಮಾಡಿದ್ದ. ಮುಂದಿನ ಸ್ಟೇಷನ್‌ನಲ್ಲಿ ಇಳಿದು ಪಕ್ಕದ ಬೋಗಿ ಹತ್ತಿದೆ, ಅಷ್ಟೇ. ಒಬ್ಬನ ಎದುರೇ ಎದೆ ಅಷ್ಟು ಹೊಡೆದುಕೊಂಡಿತ್ತು. ಇಲ್ಲಿ ಇಡೀ ಸ್ಟ್ಯಾಂಡ್‌ನ ಎದುರು ಒಬ್ಬನೇ!

ವಿನ್ಮಾರ್ ಮುಂದೆ 200 ಪಂದ್ಯ ಪೂರೈಸಿದ ಮೊದಲ ಮೂಲನಿವಾಸಿ ಆಟಗಾರನಾದ. 1995ರಲ್ಲಿ ಎಸೆಂಡನ್ ತಂಡದ ಮೈಕಲ್ ಲಾಂಗ್ ಜನಾಂಗೀಯ ನಿಂದನೆಯ ದೂರು ಕೊಟ್ಟು ಪಟ್ಟು ಹಿಡಿದ ಮೇಲೆ ಲೀಗ್ ಅದರ ವಿರುದ್ಧ ನಿಯಮವನ್ನೇ ತಂದಿತು.

ಹಾಗಂತ ಎಲ್ಲ ಸರಿಹೋಯಿತಾ? ಆಡಂ ಗುಡ್ಸ್ ಕತೆ ಕೇಳಿ. ಸಿಡ್ನಿ ಪರ 372 ಪಂದ್ಯ, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಎರಡು ಸಲ, ಎರಡು ಚಾಂಪಿಯನ್ ಪಟ್ಟ. 2013ರಲ್ಲಿ ಎಂಸಿಜಿಯಲ್ಲಿ, ಮತ್ತೆ ಕಾಲಿಂಗ್‌ವುಡ್ ವಿರುದ್ಧವೇ, ಬೇಲಿ ಪಕ್ಕದಲ್ಲಿದ್ದ 13 ವರ್ಷದ ಹುಡುಗಿ ಅವನನ್ನು ಪ್ರಾಣಿಯ ಹೆಸರಿನಿಂದ ಕೂಗಿದಳು. ಮಾರನೇ ದಿನ ಅವನು ಹೇಳಿದ್ದು, ಮಗುವನ್ನು ದೂರಬೇಡಿ ಅಂತ. 2014ರಲ್ಲಿ ದೇಶ ಅವನಿಗೆ 'ವರ್ಷದ ಆಸ್ಟ್ರೇಲಿಯನ್' ಗೌರವ ಕೊಟ್ಟಿತು. 2015ರಲ್ಲಿ ಅದೇ ದೇಶದ ಮೈದಾನಗಳಲ್ಲಿ ಚೆಂಡು ಮುಟ್ಟಿದಾಗಲೆಲ್ಲ ಅವನಿಗೆ 'ಬೂ' ಅಂದರು. ಆ ವರ್ಷವೇ ಆಟ ಬಿಟ್ಟ. ಲೀಗ್ ಮತ್ತು 18 ಕ್ಲಬ್‌ಗಳು ಕ್ಷಮೆ ಕೇಳಿದ್ದು 2019ರಲ್ಲಿ. ನಾಲ್ಕು ವರ್ಷ ತಡವಾಗಿ ಕೇಳಿದ ಕ್ಷಮೆ ಯಾರ ಸಮಾಧಾನಕ್ಕೆ ಅನ್ನೋದು ನನ್ನ ಪ್ರಶ್ನೆ.

2021ರಲ್ಲಿ ಕಾಲಿಂಗ್‌ವುಡ್ ಕ್ಲಬ್ ತಾನೇ ಮಾಡಿಸಿದ ವರದಿ, ಕ್ಲಬ್‌ನ ವ್ಯವಸ್ಥೆಯೊಳಗೇ ಜನಾಂಗೀಯ ತಾರತಮ್ಯ ಬೇರುಬಿಟ್ಟಿದೆ ಅಂತ ಹೇಳಿತು.

ಇಷ್ಟೆಲ್ಲ ಗೊತ್ತಿದ್ದೇ 2023ರ ಫೈನಲ್ ನೋಡೋಕೆ ಅವಳ ಮನೆಗೆ ಹೋಗಿದ್ದೆ. ಎಂಸಿಜಿಯಲ್ಲಿ 1,00,024 ಜನ, ಎದುರಾಳಿ ಬ್ರಿಸ್ಬೇನ್. ಕಾಲಿಂಗ್‌ವುಡ್‌ನ ಬಾಬಿ ಹಿಲ್, ವಿನ್ಮಾರ್‌ನ ಹಾಗೆ ಪಶ್ಚಿಮ ಆಸ್ಟ್ರೇಲಿಯಾದ ನೂಂಗರ್ ಸಮುದಾಯದ ಹುಡುಗ. ಹಿಂದಿನ ವರ್ಷವಷ್ಟೇ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಬಂದವನು. ಎದುರಾಳಿಯ ಬೆನ್ನ ಮೇಲೇರಿ ಗಾಳಿಯಲ್ಲೇ ಒಂದು ಮಾರ್ಕ್ ಹಿಡಿದ ನೋಡಿ, ಸೋಫಾ ಮೇಲಿದ್ದವರೆಲ್ಲ ಎದ್ದು ನಿಂತರು. ನಾಲ್ಕು ಗೋಲು ಹೊಡೆದ. ಕಾಲಿಂಗ್‌ವುಡ್ 90-86ರಲ್ಲಿ ಗೆದ್ದಿತು, ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಸಿಗೋ ನಾರ್ಮ್ ಸ್ಮಿತ್ ಪದಕ ಹಿಲ್ ಕೊರಳಿಗೆ ಬಿತ್ತು.

ಅವಳ ಅಪ್ಪ "ಬಾಬಿ, ಬಾಬಿ" ಅಂತ ಗಂಟಲು ಹರಿಯೋ ಹಾಗೆ ಕೂಗ್ತಿದ್ದರು. ಗೋಡೆ ಮೇಲೆ ಅಜ್ಜನ ಫೋಟೋ, ಅದಕ್ಕೆ ಕಪ್ಪು ಬಿಳಿ ಮಫ್ಲರ್ ಸುತ್ತಿದ್ದರು.

ನಾನು ಯಾವ ತಂಡದವನು ಅಂತ ಅವಳು ಈಗಲೂ ಸೋಮವಾರ ಬೆಳಿಗ್ಗೆ ಕೇಳ್ತಾಳೆ. ಇನ್ನೂ ತೀರ್ಮಾನಿಸಿಲ್ಲ ಅಂತೀನಿ.